ಕಂಬಕ್ಕೊಂದು ಮೊಣಕೈ

ಹೋದ ವರ್ಷ ಶ್ರಾವಣದ ಹೊತ್ತಿಗೆ ನನ್ನ ಬಲಗೈ ಮುಷ್ಕರ ಹೂಡಿತು. ಕುಕ್ಕರ್ ಎತ್ತಿದರೆ ನೋವು, ಒದ್ದೆ ಟವೆಲ್ ಹಿಂಡಿದರೆ ನೋವು, ಬಾಗಿಲ ಚಿಲಕ ತಿರುಗಿಸಿದರೂ ನೋವು. ಕೊನೆಗೆ ಕಾಫಿ ಫಿಲ್ಟರಿನ ಮುಚ್ಚಳ ತೆಗೆಯುವುದಕ್ಕೂ ಎಡಗೈಯನ್ನೇ ಕರೆಯಬೇಕಾಯಿತು. ಮೂಳೆ ಡಾಕ್ಟರು ಮೊಣಕೈಯ ಹೊರಗಡೆಯ ಗಂಟಿನ ಮೇಲೆ ಹೆಬ್ಬೆರಳೂರಿ, ನಾನು 'ಅಯ್ಯಪ್ಪಾ' ಅಂದ ಕೂಡಲೇ ತೃಪ್ತರಾದರು.

"ಟೆನಿಸ್ ಎಲ್ಬೋ."

"ಡಾಕ್ಟ್ರೇ, ನಾನು ಹುಟ್ಟಿದಾರಭ್ಯ ಟೆನಿಸ್ ರಾಕೆಟ್ ಮುಟ್ಟಿದವಳಲ್ಲ."

"ಇದು ಬರೋರಲ್ಲಿ ಹೆಚ್ಚಿನೋರು ಮುಟ್ಟಿರಲ್ಲಮ್ಮ. ಹೆಸರು ಮಾತ್ರ ಆಟದ್ದು, ಕಾಯಿಲೆ ಕೆಲಸದ್ದು."

ಮುಂಗೈಯ ಸ್ನಾಯುಗಳು ಮೊಣಕೈಯ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ, ಹಿಡಿದದ್ದನ್ನೇ ಹಿಡಿದು ಎತ್ತಿದ್ದನ್ನೇ ಎತ್ತಿ ಎಳೆ ಸವೆಯುತ್ತದಂತೆ. 2004ರಲ್ಲಿ ಸಚಿನ್‌ಗೆ ಇದೇ ಬಂದು ಇಡೀ ದೇಶ ಒಂದು ಹೊಸ ಇಂಗ್ಲಿಷ್ ಕಾಯಿಲೆಯ ಹೆಸರು ಕಲಿತದ್ದು ನೆನಪಾಗಿ ಸ್ವಲ್ಪ ಹೆಮ್ಮೆಯೇ ಆಯಿತು. ಮೊಣಕೈ ಕೆಳಗೆ ಬಿಗಿಯುವ ಒಂದು ಪಟ್ಟಿ, ಮಂಜುಗಡ್ಡೆ, ಕೆಲವು ವ್ಯಾಯಾಮ, ಮತ್ತೆ 'ಕೈಗೆ ರೆಸ್ಟ್ ಕೊಡಿ' ಎಂಬ ಮಾತು, ಇಷ್ಟನ್ನು ಹೊತ್ತುಕೊಂಡು ಮನೆಗೆ ಬಂದೆ.

ಓದಿಗೆಂದು ನನ್ನ ಮನೆಯಲ್ಲೇ ಇರುವ ತಂಗಿಯ ಮಗಳು ಪಟ್ಟಿ ನೋಡಿದವಳೇ ಕುಣಿದಳು. "ದೊಡ್ಡಮ್ಮಾ, ನಿನಗೆ ತೆಜುಕಾದು ಬಂದಿದೆ!"

ಚಿಕೂನ್‌ಗುನ್ಯಾದ ದಾಯಾದಿ ಯಾವುದೋ ಇರಬೇಕೆಂದು ನಾನು ಗಾಬರಿಯಾದೆ. ಅಲ್ಲವಂತೆ. ತೆಜುಕಾ ಕುನಿಮಿತ್ಸು ಒಬ್ಬ ಹುಡುಗ. ಅದೂ ಕಾಗದದ ಹುಡುಗ. ಜಪಾನಿನ ಒಂದು ಚಿತ್ರಕತೆಯಲ್ಲಿ ಶಾಲೆಯ ಟೆನಿಸ್ ತಂಡದ ಕ್ಯಾಪ್ಟನ್. ರೆಸ್ಟ್ ಎಂದರೆ ಏನು ಮಾಡಬೇಕೆಂದು ತಿಳಿಯದ ನನ್ನ ಮುಂದೆ ಅವಳು ಲ್ಯಾಪ್‌ಟಾಪ್ ತೆರೆದಿಟ್ಟಳು. ಹಾಗೆ ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಬಲದಿಂದ ಎಡಕ್ಕೆ ಓದುವುದನ್ನು ಕಲಿತೆ. ಮೊದಲ ಎರಡು ದಿನ ಉತ್ತರ ಮೊದಲು, ಪ್ರಶ್ನೆ ಆಮೇಲೆ ಓದಿಕೊಂಡೆ. ನಮ್ಮ ಕಚೇರಿಯ ಕಡತಗಳನ್ನು ಮೂವತ್ತು ವರ್ಷ ಓದಿದವಳಿಗೆ ಅದೇನೂ ತೀರಾ ಹೊಸತೆನಿಸಲಿಲ್ಲ.

ಕತೆಯ ಹೆಸರು 'ಟೆನಿಸ್ ನೊ ಓಜಿಸಾಮಾ', ಅಂದರೆ ಟೆನಿಸಿನ ರಾಜಕುಮಾರ. ಬರೆದು ಚಿತ್ರಿಸಿದವರು ತಕೇಶಿ ಕೊನೊಮಿ. 1999ರಿಂದ 2008ರವರೆಗೆ 'ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಪುಸ್ತಕರೂಪದಲ್ಲಿ 42 ಸಂಪುಟವಾಯಿತು. 2001ರಿಂದ 2005ರವರೆಗೆ ಟಿವಿಯಲ್ಲಿ 178 ಕಂತು ಓಡಿತು. 2003ರಿಂದ ಇದನ್ನೇ ಹಾಡು ಕುಣಿತದ ನಾಟಕವಾಗಿಯೂ ಆಡುತ್ತಿದ್ದಾರೆ. ಚೆಂಡಿಲ್ಲದ ರಂಗದ ಮೇಲೆ, ಶಬ್ದ ಮತ್ತು ಬೆಳಕಿನಲ್ಲೇ ಚೆಂಡನ್ನು ಹಾರಿಸಿ ಟೆನಿಸ್ ಆಡುತ್ತಾರೆ! ಯಕ್ಷಗಾನದಲ್ಲಿ ರಥವಿಲ್ಲದೆ ರಥವೇರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ರಾಜಕುಮಾರ ಎಂದರೆ ಎಚಿಜೆನ್ ರ್ಯೋಮಾ. ಹನ್ನೆರಡು ವರ್ಷದ ಪೋರ, ಹಳೆಯ ವೃತ್ತಿಪರ ಆಟಗಾರನ ಮಗ, ಬಾಯಿ ಬಿಟ್ಟರೆ ಉದ್ಧಟತನ. ನಮ್ಮ ಹುಡುಗಿಗೆ ಅವನೆಂದರೆ ಪ್ರಾಣ. ಅವಳೂ ಮನೆಯ ಕಿರಿಯಳೇ. ನನ್ನ ಕಣ್ಣು ಮಾತ್ರ ಅವನ ಹಿಂದೆ ಕೈಕಟ್ಟಿ ನಿಂತ ಕನ್ನಡಕದ ಹುಡುಗನ ಮೇಲೆಯೇ ನಿಂತಿತು. ಸೇಶುನ್ ಎಂದರೆ ಜಪಾನಿ ಭಾಷೆಯಲ್ಲಿ ಯೌವನ. ಶಾಲೆಯ ಹೆಸರೇ ಸೇಶುನ್ ವಿದ್ಯಾಲಯ, ಮುದ್ದಿಗೆ ಸೇಗಾಕು. ಆ ಯೌವನ ವಿದ್ಯಾಲಯದ ಕ್ಯಾಪ್ಟನ್ನಿನ ಮುಖದಲ್ಲಿ ಯೌವನವೊಂದು ಬಿಟ್ಟು ಎಲ್ಲವೂ ಇದೆ. ಮಿಡ್ಲ್‌ಸ್ಕೂಲಿನ ಮೂರನೆಯ ವರ್ಷ, ಅಂದರೆ ಹದಿನಾಲ್ಕು. ನೋಡಿದರೆ ಮುಂದಿನ ತಿಂಗಳು ನಿವೃತ್ತಿಯಾಗಲಿರುವ ತಾಲ್ಲೂಕು ಖಜಾನೆಯ ಅಧಿಕಾರಿಯ ಹಾಗಿದ್ದಾನೆ. ನಗುವುದಿಲ್ಲ. ಹವ್ಯಾಸ ಬೆಟ್ಟ ಹತ್ತುವುದು, ಗಾಳ ಹಾಕಿ ಮೀನು ಹಿಡಿಯುವುದು. ತಂಡಕ್ಕೆ ಅವನು ಹೇಳುವ ಉಪದೇಶ ಒಂದೇ, ಮೈಮರೆಯಬೇಡಿ ಎಂದು. ಯಾರಾದರೂ ಮೈಮರೆತರೆ ಮೈದಾನಕ್ಕೆ ಇಪ್ಪತ್ತು ಸುತ್ತು ಓಡಿಸುತ್ತಾನೆ.

ತೆಜುಕಾ ಎಂಬುದನ್ನು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದರ ಅರ್ಥ 'ಕೈ', ಎರಡನೆಯದು 'ದಿಬ್ಬ'. ಜಪಾನಿ ಚಿತ್ರಕತೆಗಳ ಪಿತಾಮಹರೆನಿಸಿದ ಒಸಾಮು ತೆಜುಕಾ ಅವರ ಮನೆತನದ ಹೆಸರೂ ಇದೇ. ಕೊನೊಮಿ ಇದನ್ನು ಯಾಕೆ ಆರಿಸಿದರೋ, ನಾನಂತೂ 'ಕೈ' ಎಂಬುದಕ್ಕೇ ಅಂಟಿಕೊಂಡೆ. ಈ ಹುಡುಗನ ಕತೆಯೆಲ್ಲ ಒಂದು ಎಡಗೈಯ ಕತೆ.

ಜಪಾನಿನ ಶಾಲೆಗಳಲ್ಲಿ 'ಬುಕಾತ್ಸು' ಎಂದು ಒಂದು ಏರ್ಪಾಟಿದೆ. ಪಾಠ ಮುಗಿದ ಮೇಲೆ ಮಕ್ಕಳು ಯಾವುದಾದರೊಂದು ಸಂಘ ಸೇರಿ ದುಡಿಯುತ್ತಾರೆ, ಆಡುತ್ತಾರೆ. ದುಡಿಯುವುದು ಎಂದದ್ದು ಕೈತಪ್ಪಿ ಅಲ್ಲ. ಮೊದಲ ವರ್ಷದವರು ಚೆಂಡು ಹೆಕ್ಕಬೇಕು, ಅಂಗಳ ಗುಡಿಸಬೇಕು, ಹಿರಿಯರು ಆಡುವಾಗ ಸಾಲಾಗಿ ನಿಂತು ಕೂಗಿ ಹುರಿದುಂಬಿಸಬೇಕು. ಅಲ್ಲಿ ಕ್ಯಾಪ್ಟನ್ನನ್ನು 'ಬುಚೋ' ಅನ್ನುತ್ತಾರೆ. ಕಂಪನಿಯಲ್ಲಿ ವಿಭಾಗದ ಮುಖ್ಯಸ್ಥನಿಗೂ ಅದೇ ಶಬ್ದ. ಮೂರನೆಯ ವರ್ಷದವರು ಬೇಸಿಗೆಯ ಪಂದ್ಯಾವಳಿ ಮುಗಿದೊಡನೆ ಸಂಘದಿಂದ 'ನಿವೃತ್ತ'ರಾಗಿ ಹೈಸ್ಕೂಲಿನ ಪ್ರವೇಶ ಪರೀಕ್ಷೆಗೆ ಕೂರುತ್ತಾರೆ. ನಿವೃತ್ತಿ ಎಂಬ ಪದವನ್ನೇ ಬಳಸುತ್ತಾರೆ, ಹದಿನೈದಕ್ಕೆ! ನಾನು ಅರವತ್ತಕ್ಕೆ ಆದಾಗ ಅಳು ಬಂದಿತ್ತು.

ಸೇಗಾಕುವಿನಲ್ಲಿ ಒಂದು ಕಟ್ಟಳೆ: ಮೊದಲ ವರ್ಷದವರು ಬೇಸಿಗೆಯವರೆಗೆ ತಂಡದ ಆಯ್ಕೆಪಂದ್ಯಕ್ಕೆ ಇಳಿಯುವಂತಿಲ್ಲ. ಕಟ್ಟಳೆಯ ಮೂರ್ತಿಯಂತಿರುವ ಈ ತೆಜುಕಾ, ರ್ಯೋಮಾ ಬಂದ ಕೆಲವೇ ದಿನಕ್ಕೆ ಅದನ್ನು ಸದ್ದಿಲ್ಲದೆ ಮುರಿದು ಅವನ ಹೆಸರನ್ನು ಪಟ್ಟಿಗೆ ಸೇರಿಸುತ್ತಾನೆ. ನನಗೆ ಇವನ ಮೇಲೆ ಅನುಮಾನ ಹುಟ್ಟಿದ್ದು ಅಲ್ಲೇ. ಈತ ಬರೀ ಶಿಸ್ತಿನ ಸಿಪಾಯಿಯಲ್ಲ, ಯಾರಿಗೋ ಏನನ್ನೋ ದಾಟಿಸಲು ಕಾಯುತ್ತಿರುವವನು.

ಇನ್ನು ಅವನ ಆಟ. ನಿಜವಾದ ಟೆನಿಸ್ ಬಲ್ಲವರು ಈ ಕಂಡಿಕೆಯನ್ನು ದಾಟಿ ಮುಂದೆ ಹೋಗುವುದು ಒಳ್ಳೆಯದು. ಅವನ ಒಂದು ಹೊಡೆತದಲ್ಲಿ ಚೆಂಡು ನೆಟ್ಟಿನಾಚೆ ಬಿದ್ದು ಪುಟಿಯುವುದೇ ಇಲ್ಲ, ತೆವಳಿಕೊಂಡು ನೆಟ್ಟಿನ ಕಡೆಗೇ ವಾಪಸು ಬರುತ್ತದೆ. ಪುಟಿಯದ ಚೆಂಡನ್ನು ಯಾರು ತಾನೇ ಹೊಡೆದಾರು? ಇನ್ನೊಂದರ ಹೆಸರು 'ತೆಜುಕಾ ಝೋನ್'. ತಾನು ಹೊಡೆಯುವಾಗಲೇ ಚೆಂಡಿಗೆ ಎಂಥ ತಿರುಗಣೆ ಕೊಟ್ಟಿರುತ್ತಾನೆಂದರೆ, ಎದುರಾಳಿ ಅದನ್ನು ಯಾವ ಮೂಲೆಗೆ ಬಾರಿಸಿದರೂ ಅದು ಬಾಗಿ ಬಳಸಿ ಇವನು ನಿಂತಲ್ಲಿಗೇ ಬರುತ್ತದೆ. ಇವನು ಒಂದು ಕಾಲನ್ನು ಗೂಟದಂತೆ ನೆಟ್ಟು ನಿಂತಿರುತ್ತಾನೆ. ಎದುರಿನವನು ಅಂಗಳವೆಲ್ಲ ಓಡಿ ಬೆವರು ಸುರಿಸುತ್ತಾನೆ.

"ಸಖತ್ ಅಲ್ವಾ ದೊಡ್ಡಮ್ಮ? ಕದಲೋದೇ ಇಲ್ಲ!" ಅಂದಳು ಹುಡುಗಿ.

ನಾನು ಮಾತಾಡಲಿಲ್ಲ. ಎಲ್ಲ ಚೆಂಡೂ ಸುತ್ತಿ ಬಳಸಿ ಒಬ್ಬರ ಹತ್ತಿರವೇ ಬರುವ ಆ ಚಿತ್ರವನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲೋ ಏನು, ನಮ್ಮ ಮನೆಯ ನಡುಮನೆಯಲ್ಲೇ. ಅಪ್ಪ ತೀರಿಕೊಂಡಾಗ ನನಗೆ ಹತ್ತೊಂಬತ್ತು, ಬೆನ್ನಿಗೆ ನಾಲ್ವರು. ಅಮ್ಮನ ಪಿಂಚಣಿ ಕಾಗದ ನನ್ನ ಹತ್ತಿರ ಬಂತು. ತಮ್ಮಂದಿರ ಫೀಸು ಬಂತು. ಊರಿನ ಜಮೀನಿನ ಪಹಣಿ, ತಂಗಿಯ ಮದುವೆಯ ಛತ್ರ, ಚಿಕ್ಕಪ್ಪನ ಮುನಿಸು, ಯಾರದೋ ಮಗುವಿನ ನಾಮಕರಣಕ್ಕೆ ಯಾರನ್ನು ಕರೆಯಬೇಕು ಯಾರನ್ನು ಬಿಡಬೇಕೆಂಬ ಪಟ್ಟಿ, ಎಲ್ಲವೂ ಬಂದವು. ಈಗಲೂ ಮೈಸೂರಿನಲ್ಲಿರುವ ತಮ್ಮನ ಮನೆಯ ಗ್ಯಾಸ್ ಖಾಲಿಯಾದರೆ ಬೆಂಗಳೂರಿನ ನನಗೆ ಫೋನು ಬರುತ್ತದೆ. ನಲವತ್ತು ವರ್ಷ ನಾನು ಅಂದುಕೊಂಡದ್ದು, ಇವರೆಲ್ಲ ನನ್ನ ಕಡೆಗೇ ಎಸೆಯುತ್ತಾರೆ ಎಂದು. ಈ ಹುಡುಗನ ಆಟ ನೋಡಿದ ಮೇಲೆ ಒಂದು ಸಣ್ಣ ಮುಜುಗರ ಶುರುವಾಯಿತು. ಝೋನಿನಲ್ಲಿ ತಿರುಗಣೆ ಕೊಡುವವನು ಎಸೆದವನಲ್ಲ, ಹಿಡಿಯುವವನು. ಗ್ಯಾಸಿನ ನಂಬರನ್ನು ತಮ್ಮನಿಗೆ ಹೇಳಿಕೊಡುವುದು ಎರಡು ನಿಮಿಷದ ಕೆಲಸವಿತ್ತು. 'ಬಿಡು, ನಾನೇ ಮಾಡ್ತೀನಿ' ಎಂದು ಪ್ರತಿಸಲ ಚೆಂಡಿಗೆ ಸುತ್ತು ಕೊಟ್ಟವಳು ಯಾರು?

ಅವನ ಮೊಣಕೈಯ ವಿಷಯಕ್ಕೆ ಬರುತ್ತೇನೆ. ನನ್ನದರಂತೆ ಅದು ಸವೆದದ್ದಲ್ಲ, ಹೊಡೆಸಿಕೊಂಡದ್ದು. ಮೊದಲ ವರ್ಷದಲ್ಲಿ ಇವನು ಹಿರಿಯರನ್ನೆಲ್ಲ ಸೋಲಿಸುತ್ತಿದ್ದ. ಎಡಚನಾದವನು ಬಲಗೈಯಲ್ಲಿ ಆಡಿ ಸೋಲಿಸುತ್ತಿದ್ದನೆಂಬುದು ಅವರಿಗೆ ಗೊತ್ತಾಯಿತು. ಸೋತದ್ದಕ್ಕಿಂತ ದೊಡ್ಡ ಅವಮಾನ ಅದು. ಒಬ್ಬ ಹಿರಿಯ ರಾಕೆಟ್ ಎತ್ತಿ ಆ ಎಡ ಮೊಣಕೈಗೇ ಬೀಸಿದ. ಹುಡುಗ ಸಂಘ ಬಿಟ್ಟು ಹೊರಟುಬಿಡುತ್ತೇನೆಂದ. ಆಗಿನ ಕ್ಯಾಪ್ಟನ್ ಯಾಮಾತೊ ಅವನನ್ನು ತಡೆದು, ನೀನು ಸೇಗಾಕುವಿನ ಕಂಬವಾಗಬೇಕು ಎಂದ.

ಕಂಬ! ಎಷ್ಟು ಒಳ್ಳೆಯ ಮಾತು, ಎಷ್ಟು ಕೆಟ್ಟ ಮಾತು. ನಮ್ಮ ಅಜ್ಜಿಯ ಊರಿನ ತೊಟ್ಟಿಮನೆಯಲ್ಲಿ ಹಲಸಿನ ಮರದ ಕಂಬಗಳಿದ್ದವು. ಮಕ್ಕಳು ಅವನ್ನು ಅಪ್ಪಿಕೊಂಡು ಗಿರಗಿರ ತಿರುಗುತ್ತಿದ್ದೆವು, ದನಕಾಯುವ ಹುಡುಗ ಒರಗಿ ನಿದ್ದೆ ಹೊಡೆಯುತ್ತಿದ್ದ, ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಕಂಬಕ್ಕೆ ಎಲ್ಲ ಮರ್ಯಾದೆಯೂ ಉಂಟು, ಕೂರಲು ಮಾತ್ರ ಅಪ್ಪಣೆಯಿಲ್ಲ. ಅಪ್ಪನ ಹನ್ನೊಂದನೆಯ ದಿನ ಸೋದರಮಾವ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದೂ ಇದನ್ನೇ, 'ಇನ್ನು ಈ ಮನೆಗೆ ನೀನೇ ಕಂಬ ಕಣಮ್ಮ.' ಹತ್ತೊಂಬತ್ತರ ಹುಡುಗಿಗೆ ಅದು ಹೊಗಳಿಕೆಯಾಗಿ ಕೇಳಿಸಿತ್ತು. ಕ್ಯಾಪ್ಟನ್ ಯಾಮಾತೊ ಒಳ್ಳೆಯವನೇ, ನಮ್ಮ ಮಾವನೂ ಒಳ್ಳೆಯವರೇ. ಹೊಡೆಸಿಕೊಂಡ ಕೈಗೇ ಇನ್ನೊಂದು ತೊಲೆ ಹೊರಿಸಿದರಲ್ಲ ಎಂದು ಮಾತ್ರ ಈಗ ಅನ್ನಿಸುತ್ತದೆ.

ಎರಡು ವರ್ಷ ಕಳೆದು ತೆಜುಕಾ ಅದೇ ತೊಲೆಯನ್ನು ರ್ಯೋಮಾನ ಹೆಗಲಿಗೆ ತೋರಿಸುತ್ತಾನೆ. ರೈಲು ಮಾರ್ಗದ ಕೆಳಗಿನ ಒಂದು ಟೆನಿಸ್ ಅಂಗಳ, ನೋಡುವವರಿಲ್ಲ. ವೈದ್ಯರ ಮಾತನ್ನೂ ಬದಿಗಿಟ್ಟು ಆಡಿ ಪೋರನನ್ನು ಸೋಲಿಸಿ, ನೀನು ಕಂಬವಾಗು ಅನ್ನುತ್ತಾನೆ. ಅದುವರೆಗೆ ಅಪ್ಪನ ಆಟದ ನಕಲಾಗಿದ್ದ ಹುಡುಗನಿಗೆ ಅಲ್ಲಿಂದ ಸ್ವಂತ ಹಸಿವು ಹುಟ್ಟುತ್ತದೆ. ಹುಡುಗಿಯ ಪ್ರಕಾರ ಇಡೀ ಕತೆಯ ಜೀವ ಅಲ್ಲಿದೆ. ನನ್ನ ಪ್ರಕಾರ ಅಲ್ಲಿಲ್ಲ.

ನನ್ನ ಪ್ರಕಾರ ಇರುವುದು ಹ್ಯೋತೇ ಶಾಲೆಯ ಮೇಲಿನ ಪಂದ್ಯದಲ್ಲಿ. ಕಾಂತೋ ಪ್ರಾಂತದ ಪಂದ್ಯಾವಳಿ, ಮೊದಲ ಸುತ್ತು. ಹ್ಯೋತೇಯ ಕ್ಯಾಪ್ಟನ್ ಆತೋಬೆ ಕೇಗೊ ಶ್ರೀಮಂತ, ಶೋಕಿಲಾಲ, ತನ್ನನ್ನೇ ರಾಜನೆಂದು ತಿಳಿದವನು. ಪ್ರೇಮಿಗಳ ದಿನ ಜಪಾನಿನ ಓದುಗರು ಈ ಕತೆಯ ಪಾತ್ರಗಳ ಹೆಸರಿಗೆ ಪ್ರಕಾಶಕರ ವಿಳಾಸಕ್ಕೆ ನಿಜವಾದ ಚಾಕೊಲೇಟು ಕಳಿಸುತ್ತಾರೆ, ಯಾರಿಗೆ ಎಷ್ಟು ಬಂತೆಂಬ ಲೆಕ್ಕವೂ ಪ್ರಕಟವಾಗುತ್ತದೆ. ಅದರಲ್ಲಿ ಆತೋಬೆಯದು ದೊಡ್ಡ ಕೈ. ಎದುರಾಳಿಯ ದೌರ್ಬಲ್ಯವನ್ನು ನೋಡಿದೊಡನೆ ಹಿಡಿಯುವ ಕಣ್ಣು ಅವನದು. ತೆಜುಕಾನ ಮೊಣಕೈಯನ್ನು ಹಿಡಿದ. ಆಟವನ್ನು ಬೇಕೆಂದೇ ಎಳೆದ. ಬೇಗ ಮುಗಿಸು ಇಲ್ಲವೇ ತೋಳು ಕಳೆದುಕೋ ಎಂಬ ಇಕ್ಕಟ್ಟು. ಬೇಗ ಮುಗಿಸುವ ಆತುರಕ್ಕೆ ಬಿದ್ದು ಇವನು ತಪ್ಪು ಮಾಡುತ್ತಾನೆಂಬುದು ಅವನ ಲೆಕ್ಕ. ಇವನು ತಪ್ಪೂ ಮಾಡಲಿಲ್ಲ, ಆತುರವನ್ನೂ ಪಡಲಿಲ್ಲ, ಉದ್ದದ ಆಟವನ್ನೇ ಒಪ್ಪಿಕೊಂಡ. ಗೆಲುವಿನ ಹೊಸ್ತಿಲಲ್ಲಿ ಕುಸಿದದ್ದು ಮೊಣಕೈಯಲ್ಲ, ಭುಜ. ಮೊಣಕೈಯನ್ನು ಕಾಪಾಡಲು ಇಷ್ಟು ದಿನ ಅದರ ಪಾಲಿನ ಭಾರವನ್ನೂ ಹೊತ್ತಿತ್ತಲ್ಲ, ಅದು. ಆಮೇಲೂ ಇವನು ಅಂಗಳಕ್ಕೆ ಮರಳಿದ. ಟೈಬ್ರೇಕ್ 35-37ಕ್ಕೆ ಮುಗಿದು ತೆಜುಕಾ ಸೋತ. ಗೆದ್ದ ಆತೋಬೆ ಸೋತವನ ಕೈಯನ್ನು ತಾನೇ ಎತ್ತಿ ಹಿಡಿದ.

72 ಅಂಕಗಳ ಟೈಬ್ರೇಕ್ ಎಂಬುದು ಶುದ್ಧ ಪುರಾಣ ಎಂದು ನಾನು ನಕ್ಕೆ, ಆದರೆ ಕುತೂಹಲ ಬಿಡದೆ ನಿಜ ಬದುಕಿನ ಉದ್ದನೆಯ ಟೈಬ್ರೇಕುಗಳನ್ನು ಹುಡುಕಿದೆ. ಒಂದು ಕಣ್ಣಿಗೆ ಬಿತ್ತು. 1973ರ ವಿಂಬಲ್ಡನ್, ಮೊದಲ ಸುತ್ತು. ಹದಿನೇಳರ ಬ್ಯೋರ್ನ್ ಬೋರ್ಗ್ ಮೂರನೆಯ ಸೆಟ್ಟಿನ ಟೈಬ್ರೇಕನ್ನು 20-18ರಿಂದ ಗೆದ್ದಿದ್ದ. ಎದುರಿಗಿದ್ದವರು ನಮ್ಮ ಪ್ರೇಮಜಿತ್ ಲಾಲ್. ಹದಿನೆಂಟು ಅಂಕ ಗಳಿಸಿ ಸೋತವರ ಹೆಸರನ್ನು ನಾನು ಆ ದಿನ ಮೊದಲ ಸಲ ಓದಿದೆ.

ತೆಜುಕಾ ಗೆದ್ದಿದ್ದರೆ ಅಲ್ಲಿಗೆ ಸೇಗಾಕು ಗೆದ್ದಂತಿತ್ತು. ಸೋತದ್ದರಿಂದ ಎರಡೂ ಶಾಲೆ ಸಮಸಮವಾಗಿ, ಮೀಸಲು ಆಟಗಾರರ ಪಂದ್ಯ ನಡೆಯಬೇಕಾಯಿತು. ಮೀಸಲಿನಲ್ಲಿದ್ದವನು ರ್ಯೋಮಾ. ಅವನು ಗೆದ್ದ, ತಂಡ ಉಳಿಯಿತು. ನನಗೆ ಕಣ್ಣು ತುಂಬಿದ್ದು ತೋಳು ಕುಸಿದಾಗ ಅಲ್ಲ, ಈ ಪುಟ್ಟ ಹುಡುಗ ಎದ್ದು ಟೋಪಿ ಸರಿಮಾಡಿಕೊಂಡು ಅಂಗಳಕ್ಕೆ ಹೊರಟಾಗ. ಕಂಬ ಬಿದ್ದಮೇಲೂ ಮನೆ ನಿಂತಿತ್ತು! ಇದನ್ನು ಯಾರಾದರೂ ನನಗೆ ಮೂವತ್ತರಲ್ಲಿ ತೋರಿಸಬೇಕಿತ್ತು. ಆ ಕಾಲಕ್ಕೆ ನನಗೆ ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ದಾಗ ನನ್ನ ತಂಗಿ, ಇದೇ ಹುಡುಗಿಯ ತಾಯಿ, ಅಡುಗೆ ಮಾಡಿ, ರೇಷನ್ ತಂದು, ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದಳು. ಎದ್ದವಳೇ ನಾನು ಮಾಡಿದ ಮೊದಲ ಕೆಲಸ ಡಬ್ಬಿಗಳನ್ನು ಮತ್ತೆ ನನ್ನ ಕ್ರಮದಲ್ಲಿ ಜೋಡಿಸಿದ್ದು.

ನೋವಿನಲ್ಲೂ ಆಡುವುದನ್ನು ಈ ಕತೆ ಮೆಚ್ಚುತ್ತದೆ ಎಂಬುದರ ಬಗ್ಗೆ ನನಗೂ ಹುಡುಗಿಗೂ ಜಗಳವಾಯಿತು. ಹದಿನಾಲ್ಕರ ಮಗು ತೋಳು ಕಳೆದುಕೊಳ್ಳುವುದನ್ನು ಇಡೀ ಮೈದಾನ ಕೂಗುತ್ತಾ ನೋಡುವುದೇ? ದೊಡ್ಡವರೊಬ್ಬರಾದರೂ ಒಳಹೋಗಿ ರಾಕೆಟ್ ಕಿತ್ತುಕೊಳ್ಳಬಾರದೇ? ಅವಳು ನಿಜ ಬದುಕಿನ ಉದಾಹರಣೆ ತಂದಳು, ಜಪಾನಿನ ಟೆನಿಸ್ ಆಟಗಾರ ಕೇಯ್ ನಿಶಿಕೊರಿ. ಟಿವಿಯಲ್ಲಿ ಈ ಕತೆ ಓಡುತ್ತಿದ್ದ ಕಾಲಕ್ಕೆ ಹೆಚ್ಚುಕಡಿಮೆ ಈ ಪಾತ್ರಗಳ ವಯಸ್ಸಿನವನೇ. 2014ರಲ್ಲಿ ಅಮೆರಿಕನ್ ಓಪನ್ ಫೈನಲ್ ತಲುಪಿದ, 2015ರಲ್ಲಿ ಜಗತ್ತಿನ ನಾಲ್ಕನೆಯ ಸ್ಥಾನಕ್ಕೇರಿದ. ಅವನೂ ಬಲ ಮೊಣಕೈಗೆ 2009ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು. ನಾನು ಅದೇ ಉದಾಹರಣೆಯನ್ನು ತಿರುಗಿಸಿದೆ. ಅವನು ಹದಿಮೂರಕ್ಕೇ ಊರು ಬಿಟ್ಟು ಫ್ಲಾರಿಡಾದ ಅಕಾಡೆಮಿಗೆ ಹೋದವನು, ಯಾವ ಶಾಲೆಗೂ ಕಂಬವಾಗಲಿಲ್ಲ. ಕೈ ನೊಂದರೆ ಶಾಲೆಯ ಮಾನಕ್ಕಾಗಿ ಆಡಬೇಕಿರಲಿಲ್ಲ. ಅಂದಹಾಗೆ, ಜಪಾನಿನ ಮಿಡ್ಲ್‌ಸ್ಕೂಲುಗಳಲ್ಲಿ ಹೆಚ್ಚು ಆಡುವುದು ಮೆತ್ತನೆಯ ರಬ್ಬರ್ ಚೆಂಡಿನ ಟೆನಿಸಂತೆ. ಪಾಪ, ಮೊಣಕೈಗಳಿಗೆ ಅದೇ ಒಳ್ಳೆಯದು.

ಮುಂದೆ ತೆಜುಕಾ ಚಿಕಿತ್ಸೆಗೆಂದು ದಕ್ಷಿಣದ ಕ್ಯೂಶೂ ದ್ವೀಪಕ್ಕೆ ಹೋಗುತ್ತಾನೆ. ಟಿವಿಯವರು ಅದನ್ನೇ ಜರ್ಮನಿ ಮಾಡಿದ್ದಾರೆ. ಗಾಯ ಮಾಯುತ್ತದೆ, ತೋಳು ಮಾತ್ರ ಮೇಲೇಳುವುದಿಲ್ಲ. ತೊಂದರೆ ಈಗ ಮನಸ್ಸಿನದು. ಒಬ್ಬ ಪುಟ್ಟ ಹುಡುಗಿಯ ನೆವದಲ್ಲಿ ಅದೂ ಬಿಡುತ್ತದೆ. ವಾಪಸು ಬಂದು ರಾಷ್ಟ್ರೀಯ ಪಂದ್ಯಾವಳಿಯ ಫೈನಲ್ಲಿನಲ್ಲಿ ರಿಕ್ಕಾಯ್ ಶಾಲೆಯ ಸಾನಾದಾನ ಎದುರು ಅವನು ಒಂದು ಹೊಸ ವಿದ್ಯೆ ತೆಗೆಯುತ್ತಾನೆ, ಝೋನಿನ ತಿರುಗುಮುರುಗು. ಚೆಂಡಿಗೆ ಉಲ್ಟಾ ತಿರುಗಣೆ ಕೊಟ್ಟು ಎದುರಾಳಿ ಹೊಡೆದದ್ದೆಲ್ಲ ಗೆರೆಯಾಚೆ ಹೋಗುವ ಹಾಗೆ ಮಾಡುವುದು. ಇವನು ಸುಮ್ಮನೆ ನಿಂತಿದ್ದರಾಯಿತು. ಆದರೆ ಸೆಳೆದುಕೊಳ್ಳುವುದಕ್ಕಿಂತ ಹೊರಗೆ ಕಳಿಸುವುದು ಮೊಣಕೈಗೆ ಇನ್ನೂ ಭಾರವಂತೆ. ತೋಳು ಕೆಂಪಾಗಿ ಊದಿಕೊಳ್ಳುತ್ತದೆ. ಆ ಪಂದ್ಯವನ್ನೂ ಅವನು ಸೋಲುತ್ತಾನೆ.

ಈ ಭಾಗ ಓದಿದ ವಾರವೇ ತಮ್ಮನ ಫೋನು ಬಂತು. ಮಗಳ ನಿಶ್ಚಿತಾರ್ಥದ ಊಟಕ್ಕೆ ಅಡುಗೆಯವರನ್ನು ನೀನೇ ಮಾತಾಡಿಬಿಡಕ್ಕ ಎಂದ. 'ನೀನೇ ಮಾತಾಡೋ, ನಂಬರ್ ಕೊಡ್ತೀನಿ' ಅಂದೆ. ನಾಲ್ಕೇ ಮಾತು. ರಾತ್ರಿ ಹನ್ನೆರಡರವರೆಗೆ ನಿದ್ದೆ ಬರಲಿಲ್ಲ, ಮೊಣಕೈ ಸಿಡಿಯುತ್ತಿತ್ತು. ಕೊನೊಮಿ ಟೆನಿಸ್ ವಿಷಯದಲ್ಲಿ ಎಷ್ಟೇ ಸುಳ್ಳು ಹೇಳಲಿ, ಇದೊಂದರಲ್ಲಿ ನಿಜವನ್ನೇ ಹೇಳಿದ್ದಾರೆ.

2009ರಲ್ಲಿ ಶುರುವಾದ ಎರಡನೆಯ ಸರಣಿಯಲ್ಲಿ ಆ ಹಳೆಯ ಕ್ಯಾಪ್ಟನ್ ಯಾಮಾತೊ ಮತ್ತೆ ಎದುರಾಗುತ್ತಾನೆ. ಇಬ್ಬರೂ ಒಂದೇ ತರಬೇತಿ ಶಿಬಿರದಲ್ಲಿ ನೆಟ್ಟಿನ ಆಚೀಚೆ. ಆಟದ ನಡುವೆ ಯಾಮಾತೊ, ಇನ್ನು ಸೇಗಾಕುವಿನ ಕಂಬವಾಗಿ ನಿಂತದ್ದು ಸಾಕು, ನಿನಗಾಗಿ ಆಡು ಎಂದು ಬಿಡುಗಡೆ ಕೊಡುತ್ತಾನೆ. ಹೊರಿಸಿದವನೇ ಬಂದು ಇಳಿಸುತ್ತಾನೆ. ತೆಜುಕಾ ಶಿಬಿರ ಬಿಟ್ಟು, ವೃತ್ತಿಪರನಾಗಲು ಜರ್ಮನಿಗೆ ಹೊರಟುಹೋಗುತ್ತಾನೆ. ಮುಂದಿನ ಸಲ ಕಾಣಿಸಿಕೊಂಡಾಗ ಅವನ ಮೈಮೇಲಿರುವುದು ಜರ್ಮನಿಯ ಜರ್ಸಿ, ಎದುರಿಗೆ ತನ್ನದೇ ದೇಶದ ಹುಡುಗರು.

"ಬೇಜಾರಾಗಲ್ವಾ, ಎಲ್ಲರನ್ನೂ ಬಿಟ್ಟು ಹೋದ ಅಂತ?" ಎಂದು ಹುಡುಗಿ ಕೇಳಿದಳು.

ನನಗೆ ಬೇಜಾರಾಗಿರಲಿಲ್ಲ. ಹೊಟ್ಟೆಕಿಚ್ಚಾಗಿತ್ತು. ನಮ್ಮ ಸೋದರಮಾವ ಹೋಗಿ ಹದಿನೆಂಟು ವರ್ಷವಾಯಿತು, ಇಳಿಸುವುದಕ್ಕೆ ಯಾರು ಬರುತ್ತಾರೆ? ಬಂದು 'ಸಾಕು ಕಣಮ್ಮ' ಅಂದಿದ್ದರೂ ನಾನು ಕೇಳುತ್ತಿದ್ದೆನೇ ಎಂಬುದು ಬೇರೆ ಮಾತು.

"ಈಗ ಅವನ ಮುಖದಲ್ಲಿ ನಗು ಇದೆಯೇನೇ?" ಅಂದೆ.

ಅವಳು ಪುಟ ಹಿಗ್ಗಿಸಿ ತೋರಿಸಿದಳು. ಅದೇ ಖಜಾನೆ ಅಧಿಕಾರಿಯ ಮುಖ. ಕನ್ನಡಕ ಮೇಲೆ ಕೆಳಗೆ ಮಾಡಿ ಇಬ್ಬರೂ ತುಟಿಯ ಮೂಲೆಯಲ್ಲಿ ಹುಡುಕುತ್ತಿರುವಾಗ ನನ್ನ ಫೋನು ಹೊಡೆದುಕೊಂಡಿತು. ತೆರೆಯ ಮೇಲೆ ತಮ್ಮನ ಹೆಸರು. ಅಡುಗೆಯವರು ಒಪ್ಪಿದರೋ ಇಲ್ಲವೋ, ಮುಂಗಡ ಎಷ್ಟು ಕೇಳಿದರೋ, ಹೋಳಿಗೆಯೋ ಚಿರೋಟಿಯೋ.

"ಎತ್ತಬೇಡ ದೊಡ್ಡಮ್ಮ. ಎತ್ತಿದ್ರೆ ಇಪ್ಪತ್ತು ಸುತ್ತು!"

ಬಲಗೈಗೆ ಪಟ್ಟಿ ಬಿಗಿದಿತ್ತು. ಎಡಗೈಯಲ್ಲಿ ಎತ್ತಿದೆ.